ಕರಡಿಗೆ ಭಾವ ಎಂದವನು

ದೋಣಿ ‘ಕೋರಾ’, ಚಾಥಮ್ ಜಲಸಂಧಿ
ಜೂನ್ 11, 1974

ಅಕ್ಕನ ಮಗಳು ವರ್ನಾಳಿಗೆ,

ಸಿಟ್ಕಾದಿಂದ ಜುನೋವರೆಗಿನ ಕಡಲಿನಲ್ಲಿ ನನ್ನನ್ನು ಕೇಳದೆ ಯಾವ ತಿಮಿಂಗಿಲವೂ ಉಸಿರು ಬಿಡುವುದಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ಮೊನ್ನೆ ಒಂದು ಕೇಳದೆ ಬಿಟ್ಟಿತು. ಗದರಿಸಿದೆ. ಪಾಪ, ತಿರುಗಿ ಬಂದು ಇನ್ನೊಮ್ಮೆ ಸರಿಯಾಗಿ ಬಿಟ್ಟು ಹೋಯಿತು.

ಸಾಲ್ಮನ್ ಬಲೆ ಇಳಿಸುವ ಮುಂಚೆ ನಾವು ಮೂವರು ಗೆಳೆಯರು ಪ್ರತಿ ಬೇಸಿಗೆ ಹೊರಡುವ ಸವಾರಿ ಹೊರಟಿದ್ದೇವೆ. ನಾನು, ನಿನ್ನಪ್ಪ ಗಿಡಿಯನ್, ನಾರ್ವೆಯವನಾದರೂ ನಮ್ಮೂರಿನಲ್ಲೇ ಮುದುಕನಾದ ಗುನ್ನಾರ್. ತೀರಿಹೋದ ನಿನ್ನಮ್ಮನ ಹೆಸರಿಟ್ಟ ನನ್ನ ಈ ದೋಣಿ ಅವಳ ಹಾಗೆಯೇ ಇದೆ: ಬೆಳಗ್ಗೆ ಕೆಮ್ಮುತ್ತದೆ, ಒಮ್ಮೆ ಎದ್ದರೆ ನಿಲ್ಲುವುದಿಲ್ಲ.

ನೀನು ಸಿಯಾಟಲಿನಲ್ಲಿ ರೋಗಿಗಳ ನಾಡಿ ಹಿಡಿಯುತ್ತಿದ್ದೀಯಲ್ಲ, ಇಲ್ಲಿಗೆ ಬಂದಿದ್ದರೆ ಗುನ್ನಾರನ ಮೂಗು ಹಿಡಿಯಬಹುದಿತ್ತು. ಶುಕ್ರವಾರ ಬಾಗಿಲಿನಷ್ಟು ಅಗಲದ ಹಾಲಿಬಟ್ ಮೀನು ಕೊಕ್ಕೆಗೆ ಬಿತ್ತು. ಅಂಥದ್ದನ್ನು ನೀರಿನಲ್ಲೇ ತಲೆಗೆ ಗುಂಡು ಹೊಡೆದು ಮೇಲೆತ್ತಬೇಕು. ನಿನ್ನಪ್ಪ ಕೂಗುತ್ತಲೇ ಇದ್ದ, “ಹೊಡಿಯೋ ಮೊದ್ಲು! ಎತ್ಬೇಡ್ವೋ, ಹೊಡಿಯೋ!” ಗುನ್ನಾರನಿಗೆ ಗುಂಡು ಉಳಿಸುವ ಚಟ. ಹಾಗೇ ಎಳೆದು ಒಳಗೆ ಹಾಕಿದ. ಮೀನಿನ ಬಾಲದ ಒಂದೇ ಏಟಿಗೆ ಒಲೆಯ ಕೊಳವೆ ಮುರಿಯಿತು, ಎರಡನೆಯದಕ್ಕೆ ಗುನ್ನಾರನ ಮೂಗು. ನಿನ್ನಪ್ಪ ದೊಣ್ಣೆ ಹಿಡಿದು ಅದರ ಮೇಲೆ ಕೂತು ಬಡಿದ. ನಾನು ದೂರದಿಂದ ನಿರ್ದೇಶನ ಕೊಟ್ಟೆ. ರಕ್ತ ಯಾರದು, ಮೀನಿನದ್ದೋ ಗುನ್ನಾರನದ್ದೋ, ಬೇರ್ಪಡಿಸುವ ಹಾಗಿರಲಿಲ್ಲ.

ಆಮೇಲೆ ಗುನ್ನಾರ್ ಎದ್ದು, “ನೀನು ಕೂಗಿದ್ದಕ್ಕೇ ಕೈ ತಪ್ಪಿತು” ಎಂದು ನಿನ್ನಪ್ಪನ ದವಡೆಗೆ ಒಂದು ಬಿಟ್ಟ. ನಿನ್ನಪ್ಪ ತಿರುಗಿಸಿ ಒಂದು ಕೊಟ್ಟ. ಇಬ್ಬರೂ ಲೋಳೆಯ ಮೇಲೆ ಜಾರಿ ಬಿದ್ದು, ಮೀನಿನ ಎರಡು ಪಕ್ಕದಲ್ಲಿ ಮಲಗಿ ನಗತೊಡಗಿದರು. ಐವತ್ತು ದಾಟಿದ ಗಂಡಸರು!

ನಿನ್ನೆ ಓರ್ಕಾ ಎಂಬ ಬೇಟೆ ತಿಮಿಂಗಿಲಗಳ ಹಿಂಡೊಂದು ಕಡಲಸಿಂಹಕ್ಕೆ ಮುತ್ತಿಗೆ ಹಾಕಿತ್ತು. ಎತ್ತಿನಂಥ ಪ್ರಾಣಿಯನ್ನು ಬಾಲದಿಂದ ಚೆಂಡಿನ ಹಾಗೆ ಆಕಾಶಕ್ಕೆ ಒದ್ದವು. ಮೇಲೆ ಹೋದದ್ದು ಇಡಿಯಾಗಿ, ಕೆಳಗೆ ಬಂದದ್ದು ಅರ್ಧ. ಹದ್ದುಗಳು ಅಲ್ಲೇ ಕಾದಿದ್ದವು. ಗುನ್ನಾರ್ ಹ್ಯಾಟು ತೆಗೆದ. ನಾನು ಕಾಫಿ ಕುಡಿದೆ.

ಸಂಜೆ ದಡದಲ್ಲಿ ಕಂದು ಕರಡಿಯೊಂದು ಹುಲ್ಲು ಮೇಯುತ್ತಿತ್ತು. ನಮ್ಮದು ಕಪ್ಪೆ ಕುಲ, ನಿನ್ನಪ್ಪನದು ಕರಡಿ ಕುಲ. ಅಂದಮೇಲೆ ಕರಡಿ ನನಗೆ ಏನಾಗಬೇಕು? ದೋಣಿಯ ಮೇಲೆ ನಿಂತು ಕೂಗಿದೆ: “ಏನ್ ಭಾವ! ಚಳಿಗಾಲ ಪೂರ್ತಿ ಬಿದ್ಕೊಂಡಿದ್ರೂ ಹೊಟ್ಟೆ ಕರಗ್ಲಿಲ್ವಾ? ನಮ್ಮಕ್ಕನ್ನ ಎಲ್ಲಿ ಬಿಟ್ಟು ಬಂದೆ?” ಗುನ್ನಾರ್ ನಗುತ್ತ ಮೂಗು ಹಿಡಿದುಕೊಂಡ. ನಿನ್ನಪ್ಪ ನಗಲಿಲ್ಲ. “ಅಮೋಸ್, ನನ್ನನ್ನ ಏನ್ ಬೇಕಾದ್ರೂ ಅನ್ಕೋ. ಅವನನ್ನ ಅನ್ಬೇಡ. ಅವನಿಗೆ ಕೇಳ್ಸುತ್ತೆ” ಎಂದ. ಟೋಪಿ ತೆಗೆದು ಕರಡಿಯ ಕಡೆ ತಿರುಗಿ, “ಅಣ್ಣಾ, ಇವನು ಹುಟ್ಟಿದ್ದೇ ಹೀಗೆ. ನಾವು ಬಡವ್ರು, ನಮ್ ಪಾಡಿಗೆ ಹೋಗ್ತಾ ಇದೀವಿ. ನಿನ್ ದಾರಿ ನಿಂದು” ಎಂದು ಚರ್ಚಿನ ದನಿಯಲ್ಲಿ ಹೇಳಿದ. ಕರಡಿ ಅವನನ್ನು ನೋಡಿತು, ನನ್ನನ್ನು ನೋಡಿತು, ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ನನಗೆ ಹೆದರಿತು.

ರಾತ್ರಿಯ ಇಸ್ಪೀಟಿನಲ್ಲಿ ನಿನ್ನಪ್ಪನ ಕಿಸೆ ಖಾಲಿ ಮಾಡಿದ್ದೇನೆ. ಎಷ್ಟು ಎಂದು ಬರೆದರೆ ನಿನಗೆ ಅವನ ಮೇಲೆ ಮರುಕ ಬರುತ್ತದೆ.

ನಿನ್ನ ಮಾವ,
ಅಮೋಸ್

*

ಸಿಯಾಟಲ್
ಜೂನ್ 19, 1974

ಮಾವ,

ನಿನ್ನ ಪತ್ರವನ್ನು ಹಾಸ್ಟೆಲಿನ ಹುಡುಗಿಯರಿಗೆಲ್ಲ ಓದಿ ಹೇಳಿದೆ. ತಿಮಿಂಗಿಲ ಕ್ಷಮೆ ಕೇಳಿದ್ದನ್ನು ಒಬ್ಬಳು ನಂಬಿದಳು. ಅವಳು ಮರಳುಗಾಡಿನ ಊರಿನವಳು.

ಗುನ್ನಾರ್ ಮಾಮನ ಮೂಗಿಗೆ ತಣ್ಣೀರಿನ ಬಟ್ಟೆ ಇಡು, ವಿಸ್ಕಿ ಅಲ್ಲ. ಅಪ್ಪನ ಕಿಸೆ ನೀನು ಖಾಲಿ ಮಾಡಿದ್ದನ್ನು ನಾನಂತೂ ನಂಬುವುದಿಲ್ಲ. ಅಪ್ಪ ಅಂಗಿಯ ತೋಳಿನಲ್ಲಿ ಎಲೆ ಬಚ್ಚಿಟ್ಟುಕೊಳ್ಳುತ್ತಾನೆ, ನನಗೂ ಕಲಿಸಿದ್ದಾನೆ.

ಆದರೆ ಕರಡಿಯ ವಿಷಯ ನಗುವಂಥದ್ದಲ್ಲ ಮಾವ. ಅಜ್ಜಿ ಹಣ್ಣು ಬಿಡಿಸಲು ಕಾಡಿಗೆ ಹೋದಾಗ, ಕರಡಿ ಕಾಣದಿದ್ದರೂ ‘ನಾವಿಷ್ಟೇ ತಗೋತೀವಪ್ಪಾ’ ಎಂದು ಹೇಳಿಯೇ ಪೊದೆಗೆ ಕೈ ಹಾಕುತ್ತಿದ್ದಳು. ನೀನೂ ಅದೇ ಅಜ್ಜಿಯ ಮಗ. ಇಲ್ಲಿನ ಡಾಕ್ಟರರ ಮುಂದೆ ನಾನು ಇದನ್ನು ಹೇಳುವುದಿಲ್ಲ. ಹೇಳುವುದಿಲ್ಲ ಎಂದರೆ ಬಿಟ್ಟಿದ್ದೇನೆ ಎಂದಲ್ಲ. ಅಪ್ಪನನ್ನು ಎಷ್ಟು ಬೇಕಾದರೂ ಗೋಳು ಹುಯ್ದುಕೋ, ಅಕ್ಕನ ಗಂಡ, ನಿನ್ನ ಹಕ್ಕು. ಕರಡಿಯನ್ನು ಆಡಿಕೊಳ್ಳಬೇಡ.

ಆಗಸ್ಟ್ ಕೊನೆಗೆ ನನಗೆ ದಾದಿಯ ಬಿಳಿ ಟೋಪಿ ತೊಡಿಸುತ್ತಾರೆ. ಅಪ್ಪ ಬರುತ್ತೇನೆಂದು ಮಾತು ಕೊಟ್ಟಿದ್ದಾನೆ. ಅದಕ್ಕೆಂದು ಹೊಸ ಕೋಟು ಹೊಲಿಸಿದ್ದಾನಂತೆ. ಪ್ರತಿ ವಾರ ಒಂದು ಕಾರ್ಡು ಹಾಕುವವನು ಈ ವಾರ ಹಾಕಿಲ್ಲ. ನೆನಪಿಸು.

ವರ್ನಾ

*

ಸಿಟ್ಕಾ
ಜೂನ್ 27, 1974

ವರ್ನಾಳಿಗೆ,

ಎಂಜಿನ್ ಸ್ವಲ್ಪ ಹಟ ಹಿಡಿದದ್ದರಿಂದ ಸಿಟ್ಕಾದಲ್ಲಿ ನಿಂತಿದ್ದೇವೆ. ಗಾಬರಿಯಾಗುವಂಥದ್ದು ಏನೂ ಇಲ್ಲ. ನಿನ್ನಪ್ಪ ಕಡಲಪಾಚಿಯ ಬಂಡೆಯ ಮೇಲೆ ಜಾರಿದ. ಹಣೆಗೆ ತರಚಿದೆ. ಬಲಗೈ ಉಳುಕಿರುವುದರಿಂದ ಕಾರ್ಡು ಬರೆಯಲು ಆಗುವುದಿಲ್ಲ. ‘ಚೆನ್ನಾಗಿ ಓದು’ ಎಂದು ಹೇಳಲು ಹೇಳಿದ್ದಾನೆ.

ದಾರಿಯಲ್ಲಿ ಎಂಥ ಗಾಳಿ ಎನ್ನುತ್ತೀ! ಅಲೆಗಳು ನಮ್ಮ ಚರ್ಚಿನ ಗೋಪುರದಷ್ಟು ಎತ್ತರ. ಗುನ್ನಾರ್ ಪ್ರಾರ್ಥನೆ ಮಾಡಿದ. ನಾನು ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದು ಕೈಯಲ್ಲಿ ಬ್ರೆಡ್ಡು ಹಿಡಿದುಕೊಂಡು ಬಂದೆ. ಕಡಲಸಿಂಹವೊಂದು ದೋಣಿ ಹತ್ತಲು ನೋಡಿತು. ಮೂತಿಗೆ ಗುದ್ದಿದೆ. ಒಂದು ಹಲ್ಲು ಬಿಟ್ಟು ಹೋಯಿತು, ನಿನಗೆ ಇಟ್ಟಿದ್ದೇನೆ.

ಕರಡಿಯ ಬಗ್ಗೆ ನೀನು ಬರೆದದ್ದು ಸರಿ. ಇನ್ನೊಂದು ಕಂಡಿತ್ತು. ಆಕಾಶಕ್ಕೆ ಒಂದು ಗುಂಡು ಹಾರಿಸಿದೆ, ಅಳುತ್ತಾ ಓಡಿತು. ಅಷ್ಟೇ.

ನಿನ್ನಪ್ಪನಿಗೆ ಹೊಲಿಗೆ ಹಾಕಿದ ಡಾಕ್ಟರ್ ಒಳ್ಳೆಯವನು. ಪಾಪ, ಮೂರು ಗಂಟೆ ನಿಂತೇ ಹಾಕಿದ. ಚಹಾಕ್ಕೂ ಹೋಗಲಿಲ್ಲ.

ನೀನು ಪರೀಕ್ಷೆಯ ಕಡೆ ಗಮನ ಕೊಡು.

ಅಮೋಸ್ ಮಾವ

*

ಸಿಯಾಟಲ್
ಜುಲೈ 3, 1974

ಮಾವ,

ತರಚಿದ ಹಣೆಗೆ ಯಾವ ಡಾಕ್ಟರೂ ಮೂರು ಗಂಟೆ ಹೊಲಿಯುವುದಿಲ್ಲ. ನಾನಿಲ್ಲಿ ದಿನಾ ಹೊಲಿಗೆ ನೋಡುತ್ತೇನೆ. ಗಾಯ ಎಲ್ಲಿಂದ ಎಲ್ಲಿಗೆ? ಮೂಳೆ ಕಾಣುತ್ತಿತ್ತೇ? ಜ್ವರ ಇದೆಯೇ? ಕಣ್ಣು ಹೇಗಿದೆ? ನಿನ್ನ ಕಡಲಸಿಂಹದ ಹಲ್ಲು ನೀನೇ ಇಟ್ಟುಕೋ, ಇವಕ್ಕೆ ಉತ್ತರ ಬರಿ.

ಅಪ್ಪ ‘ಚೆನ್ನಾಗಿ ಓದು’ ಎಂದು ನನಗೆ ಒಂದು ದಿನವೂ ಹೇಳಿದವನಲ್ಲ. ‘ಊಟ ಮಾಡಿದ್ಯಾ’ ಎನ್ನುತ್ತಾನೆ, ಅಷ್ಟೇ.

ಗುನ್ನಾರ್ ಮಾಮನ ಮನೆಗೆ ಫೋನು ಮಾಡಿದೆ. ಅವರ ಹೆಂಡತಿ ನನ್ನ ದನಿ ಕೇಳಿದ ಕೂಡಲೇ ಅಳತೊಡಗಿದರು. ‘ಅಮೋಸನ್ನೇ ಕೇಳಮ್ಮಾ’ ಎಂದು ಇಟ್ಟುಬಿಟ್ಟರು.

ಕೇಳುತ್ತಿದ್ದೇನೆ ಮಾವ.

ವರ್ನಾ

*

ಸಿಟ್ಕಾ
ಜುಲೈ 8, 1974

ವರ್ನಾಳಿಗೆ,

ಗುನ್ನಾರನ ಹೆಂಡತಿ ಆಲೂಗಡ್ಡೆ ಸುಲಿಯುವಾಗಲೂ ಅಳುವವಳು. ಅವಳ ಮಾತಿಗೆ ತಲೆ ಕೆಡಿಸಿಕೊಳ್ಳಬೇಡ.

ನಿನ್ನಪ್ಪ ಚೆನ್ನಾಗಿದ್ದಾನೆ. ಗಂಜಿ ಕುಡಿಯುತ್ತಾನೆ. ಮಾತು ಸ್ವಲ್ಪ ಕಡಿಮೆ. ನಾನು ಅವನ ಕೋಣೆಯ ಬಾಗಿಲಿನವರೆಗೆ ಹೋಗಿ ಬರುತ್ತೇನೆ.

ಒಂದು ಶುಭ ಸಮಾಚಾರ. ದೋಣಿ ಮಾರಿಬಿಟ್ಟೆ. ಜುನೋವಿನ ದೊಡ್ಡ ಸಾಹುಕಾರನೊಬ್ಬ ಕಾಲಿಗೆ ಬಿದ್ದು ಕೇಳಿದ. ಹನ್ನೊಂದು ಸಾವಿರ ಡಾಲರ್ ಎಣಿಸಿದ. ಹಳೆಯ ದೋಣಿಗೆ ಅಷ್ಟು ಕೊಡುವ ಮೂರ್ಖ ಇನ್ನೆಲ್ಲಿ ಸಿಗುತ್ತಾನೆ? ಆಸ್ಪತ್ರೆಯ ಖರ್ಚಿನ ಚಿಂತೆ ನಿನಗಿದ್ದರೆ ಬಿಡು. ನಿನಗೆ ಒಂದು ಕೈಗಡಿಯಾರ ಕೊಡಿಸುತ್ತೇನೆ, ನಾಡಿ ಎಣಿಸುವುದಕ್ಕೆ.

ಅಮೋಸ್ ಮಾವ

*

ಸಿಯಾಟಲ್
ಜುಲೈ 15, 1974

ಅಮೋಸ್ ಅವರಿಗೆ,

ನಿನ್ನೆ ಅಪ್ಪನ ಅಕ್ಕ ಬರ್ತಾ ಅತ್ತೆ ಫೋನು ಮಾಡಿದ್ದರು. ಅಪ್ಪನ ಎಡಗಣ್ಣು ಇಲ್ಲ. ನೆತ್ತಿಯ ಚರ್ಮ ಹಿಂದಕ್ಕೆ ಸುಲಿದುಹೋಗಿತ್ತು. ದವಡೆ ಎರಡು ಕಡೆ ಮುರಿದಿದೆ. ಇದೆಲ್ಲ ಕರಡಿಯಿಂದ. ಕರಡಿ ಬಂದದ್ದು ನೀವು ಕೂಗಿದ್ದರಿಂದ. ಇಪ್ಪತ್ತೈದು ದಿನ ಇದನ್ನು ನನ್ನಿಂದ ಮುಚ್ಚಿಟ್ಟಿರಿ. ನಿಮ್ಮ ತಮಾಷೆಯ ಪತ್ರ ಓದಿ ನಾನು ಹುಡುಗಿಯರನ್ನು ನಗಿಸಿದ್ದೆ.

ಪರೀಕ್ಷೆ ಬರೆದಿದ್ದೇನೆ. ಹೇಗೆ ಎಂದು ಕೇಳಬೇಡಿ.

ದೋಣಿ ಯಾಕೆ ಮಾರಿದಿರಿ ಎಂಬುದೂ ಈಗ ಗೊತ್ತಾಯಿತು. ನಮ್ಮ ಕಪ್ಪೆ ಕುಲದವನ ಮಾತಿನಿಂದ ತಮ್ಮ ಕುಲದವನ ರಕ್ತ ಬಿದ್ದಿದೆ, ಕುಲದ ಲಾಂಛನವಾದ ಕರಡಿಗೂ ಅವಮಾನವಾಗಿದೆ, ಅದಕ್ಕೆ ಪರಿಹಾರ ಆಗಲೇಬೇಕು ಎಂದರು ಅತ್ತೆ. ‘ಆಗಲಿ, ನಾನೂ ಬಂದು ಅಪ್ಪನ ಕಡೆ ಕೂತ್ಕೋತೀನಿ’ ಎಂದೆ.  ಅತ್ತೆ ಮೆಲ್ಲಗೆ, ‘ಮಗಾ, ಕುಲ ಬರೋದು ತಾಯಿಯಿಂದ. ನೀನು ನಿಮ್ಮಮ್ಮನ ಮಗಳು. ನೀನೂ ಕಪ್ಪೆ. ನೀನು ಕೂರೋದು ಕೊಡೋರ ಸಾಲಲ್ಲಿ’ ಎಂದರು.

ಗೊತ್ತಿಲ್ಲದ್ದೇನಲ್ಲ. ಹುಟ್ಟಿದಂದಿನಿಂದ ಗೊತ್ತು. ಆದರೂ ಫೋನಿನ ಹತ್ತಿರ ನೆಲದ ಮೇಲೆ ಕೂತುಬಿಟ್ಟೆ. ನನ್ನ ಅಪ್ಪನ ಮುಖಕ್ಕೆ ನಾನು ಬೆಲೆ ತೆರುವವರ ಸಾಲಿನಲ್ಲಿ, ನಿಮ್ಮ ಪಕ್ಕದಲ್ಲಿ ಕೂರಬೇಕು.

ಏನಾಯಿತು ಎಂದು ಬರೆಯಿರಿ. ಅಳುತ್ತಾ ಓಡಿದ ಕರಡಿ ಬೇಡ.

ವರ್ನಾ

*

ಸಿಟ್ಕಾ
ಜುಲೈ 22, 1974

ವರ್ನಾ,

ನನ್ನನ್ನು ಹೊರಗಿನವನ ಹಾಗೆ ಕರೆದಿದ್ದೀಯ. ಸರಿಯಾಗಿಯೇ ಇದೆ. ಬರೆಯುತ್ತೇನೆ.

ಜೂನ್ ಇಪ್ಪತ್ತನೆಯ ತಾರೀಕು. ಕುಡಿಯುವ ನೀರಿಗೆಂದು ಒಂದು ತೊರೆಯ ಬಾಯಿಗೆ ಚಿಕ್ಕ ದೋಣಿಯಲ್ಲಿ ಇಳಿದೆವು. ಬೇಟೆ ತಿಮಿಂಗಿಲಗಳು ಹರಿದ ಕಡಲಸಿಂಹವೋ, ಅಂಥದ್ದೇ ಇನ್ನೊಂದೋ, ಅರ್ಧ ಹೆಣ ದಡಕ್ಕೆ ಬಂದಿತ್ತು. ಕುಣಿತದ ಕಿರೀಟಕ್ಕೆ ಕಡಲಸಿಂಹದ ಮೀಸೆ ಎಷ್ಟು ಬೇಕಾಗುತ್ತದೆ ಎಂಬುದು ನಿನಗೆ ಗೊತ್ತು. ನನ್ನ ಕಿರೀಟದ ಮೀಸೆ ಊರಿನಲ್ಲೇ ಉದ್ದ ಆಗಬೇಕೆಂದು ನನ್ನ ಆಸೆ. ಚಾಕು ತೆಗೆದುಕೊಂಡು ಹೊರಟೆ. ಆಗ ಹೆಣದ ಹಿಂದಿನಿಂದ ಕರಡಿ ಎದ್ದಿತು.

ನಿನ್ನಪ್ಪ, “ಬಿಡು, ಅದು ಅವನ ಊಟ. ಹಿಂದಕ್ಕೆ ಬಾ, ಮುಖ ತಿರುಗಿಸ್ಬೇಡ” ಎಂದ. ಬಂದಿದ್ದರೆ ಮುಗಿಯುತ್ತಿತ್ತು. ಗುನ್ನಾರ್ ನೋಡುತ್ತಿದ್ದ. ಅವನ ಮುಂದೆ ಹಿಂದಕ್ಕೆ ಹೆಜ್ಜೆ ಇಡುವುದು ನನ್ನಿಂದ ಆಗಲಿಲ್ಲ. “ಏನ್ ಭಾವ, ಒಬ್ನೇ ತಿಂತೀಯಾ? ಮೈದುನ ಬಂದಿದೀನಿ, ಹಂಚ್ಕೊಳೋ! ನಿಮ್ಮ ಕುಲದವ್ರಿಗೆಲ್ಲ ಇದೇ ಜಿಪುಣತನ!” ಎಂದು ಕೂಗಿದೆ.

ನಿನ್ನಪ್ಪ ತನ್ನ ಕೋವಿಯನ್ನು ಬಂಡೆಯ ಮೇಲೆ ಇಟ್ಟ. ನೋಡು, ಇದನ್ನು ನಾನು ಯಾರಿಗೂ ಹೇಳಿಲ್ಲ. ಕೋವಿ ಕೆಳಗಿಟ್ಟು, ಟೋಪಿ ಕೈಯಲ್ಲಿ ಹಿಡಿದು, ನನ್ನನ್ನು ದಾಟಿ ಮುಂದೆ ಹೋದ. “ಅಣ್ಣಾ, ಅವನ ಮಾತು ಹಿಡೀಬೇಡ...” ಎಂದು ಶುರು ಮಾಡಿದ. ನನ್ನ ಮಾತಿಗೆ ಅವನು ಕ್ಷಮೆ ಕೇಳುತ್ತಿದ್ದ.

ಕರಡಿ ಓಡಿಬಂದದ್ದು ನನಗೆ ಕಾಣಲಿಲ್ಲ. ಅಲ್ಲಿತ್ತು, ಆಮೇಲೆ ಇಲ್ಲಿತ್ತು. ಒದ್ದೆ ಕೂದಲಿನ ನಾತ ಮುಖಕ್ಕೆ ಬಡಿಯಿತು. ಒಂದೇ ಏಟಿಗೆ ನಿನ್ನಪ್ಪ ಸುತ್ತಿ ಬಿದ್ದ. ಬಿದ್ದವನ ತಲೆಯನ್ನು ಬಾಯಲ್ಲಿ ಹಿಡಿದು ಅಲುಗಿಸಿತು. ಹಲ್ಲು ಮೂಳೆಯ ಮೇಲೆ ಜಾರುವ ಶಬ್ದ ಬರುತ್ತದೆ ವರ್ನಾ. ಚಮಚ ತಟ್ಟೆಯ ಮೇಲೆ ಉಜ್ಜಿದ ಹಾಗೆ. ಈಗಲೂ ಆಸ್ಪತ್ರೆಯಲ್ಲಿ ಯಾರಾದರೂ ಊಟ ಮಾಡುತ್ತಿದ್ದರೆ ಹೊರಗೆ ಹೋಗಿ ನಿಲ್ಲುತ್ತೇನೆ.

ನೂರು ಗಜದಿಂದ ಕಡಲಿನ ಸೀಲ್ ಪ್ರಾಣಿಯ ಕಣ್ಣಿಗೆ ಹೊಡೆಯುತ್ತೇನೆಂದು ನಿನಗೆ ಎಷ್ಟು ಸಲ ಹೇಳಿಲ್ಲ? ಬಂಡೆಯ ಮೇಲಿದ್ದ ನಿನ್ನಪ್ಪನ ಕೋವಿ ಎತ್ತಿಕೊಂಡು ಹತ್ತು ಹೆಜ್ಜೆ ದೂರದಿಂದ ಮೊದಲ ಗುಂಡು ಮರಳಿಗೆ ಹೊಡೆದೆ. ಎರಡನೆಯದು ಅದರ ಹಿಂಗಾಲಿಗೆ ತಾಗಿ ಸಿಟ್ಟು ಹೆಚ್ಚಿಸಿತು. ನಿನ್ನಪ್ಪನ ಭುಜ ಕಚ್ಚಿ ಎತ್ತಿ ಒಗೆಯಿತು. ಗುನ್ನಾರ್ ಹುಟ್ಟುಗೋಲು ಹಿಡಿದು ಓಡಿಬಂದು ಅದರ ಬೆನ್ನಿಗೆ ಬಡಿಯುತ್ತಿದ್ದ, ನಾರ್ವೆಯ ಭಾಷೆಯಲ್ಲಿ ಬೈಯುತ್ತಿದ್ದ. ಹುಟ್ಟುಗೋಲು ಮುರಿಯಿತು, ಮುರಿದ ತುಂಡಿನಿಂದ ತಿವಿದ. ಕರಡಿ ಅವನ ಕಡೆ ತಲೆ ತಿರುಗಿಸಿದಾಗ ನಾನು ಕೋವಿಯ ಬಾಯನ್ನು ಅದರ ಕಿವಿಗೆ ಒತ್ತಿ ಹೊಡೆದೆ. ನಿನ್ನಪ್ಪನ ಮೇಲೆಯೇ ಬಿತ್ತು. ಇಬ್ಬರೂ ಸೇರಿ ಉರುಳಿಸಬೇಕಾಯಿತು. ಅಷ್ಟು ಹೊತ್ತೂ ಅದರ ರಕ್ತ ಅವನ ಬಾಯಿಗೆ ಇಳಿಯುತ್ತಿತ್ತು.

ನೆತ್ತಿಯ ಚರ್ಮ ಟೋಪಿಯ ಹಾಗೆ ಹಿಂದಕ್ಕೆ ಸರಿದಿತ್ತು. ನಾನು ಅದನ್ನು ಕೈಯಿಂದ ಮುಂದಕ್ಕೆ ಎಳೆದು ಅಂಗಿಯಿಂದ ಕಟ್ಟಿದೆ. ಸರಿಯಾಗಿ ಮಾಡಿದೆನೋ ಇಲ್ಲವೋ, ನೀನು ದಾದಿ, ಹೇಳು. ಆ ಸ್ಥಿತಿಯಲ್ಲೂ ಅವನು ಮಾತಾಡಿದ. “ಅಮೋಸ್... ಮೊದ್ಲು ಅವನಿಗೆ ಹೇಳು.” ಸತ್ತ ಕರಡಿಗೆ. ತಪ್ಪಾಯಿತು ಎನ್ನಬೇಕಿತ್ತು, ಅಷ್ಟೇ. ನನಗೆ ಬಾಯಿ ತೆರೆದರೂ ಮಾತು ಹೊರಡಲಿಲ್ಲ. ಜೀವಮಾನವೆಲ್ಲ ಬೇಡದ ಕಡೆ ಮಾತಾಡಿದವನಿಗೆ ಬೇಕಾದ ಕಡೆ ಒಂದೂ ಬರಲಿಲ್ಲ. ಕೊನೆಗೆ ಗುನ್ನಾರ್ ಹ್ಯಾಟು ತೆಗೆದು ತನ್ನ ಭಾಷೆಯಲ್ಲಿ ಏನೋ ಹೇಳಿದ. ಪರದೇಶದವನು.

ನಿನ್ನಪ್ಪ ಅದನ್ನು ಕೇಳಿದ. ನಾನು ಹೇಳದಿದ್ದದ್ದನ್ನೂ ಕೇಳಿದ. ಅಂದಿನಿಂದ ನನ್ನ ಜೊತೆ ಮಾತಿಲ್ಲ. ನಾನು ಕೋಣೆಗೆ ಹೋದರೆ ಉಳಿದ ಕಣ್ಣನ್ನು ಗೋಡೆಗೆ ತಿರುಗಿಸುತ್ತಾನೆ. ಕಣ್ಣು ಹೋದದ್ದಕ್ಕಲ್ಲ, ಇದಕ್ಕೆ.

ದೋಣಿಗೆ ಸಾಹುಕಾರನೂ ಬರಲಿಲ್ಲ, ಹನ್ನೊಂದು ಸಾವಿರವೂ ಇಲ್ಲ. ಬಂದದ್ದು ನಾಲ್ಕು ಸಾವಿರದ ಚಿಲ್ಲರೆ. ಎಲ್ಲವನ್ನೂ ಬಟ್ಟೆಯಲ್ಲಿ ಕಟ್ಟಿ ಬರ್ತಾಳ ಮುಂದಿಟ್ಟೆ. ಅವಳು ಅದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದಳು. “ಇದು ತಗೋತೀವಿ. ಆದ್ರೆ ಸಾಲಲ್ಲ. ದುಡ್ಡು ಕೊಟ್ಬಿಟ್ಟು ಆ ದುಡ್ಡಿನ ಬಗ್ಗೆನೇ ಇಪ್ಪತ್ತು ವರ್ಷ ಕೊಚ್ಕೋತೀಯ. ನಿನ್ನನ್ನ ನಂಗೊತ್ತಿಲ್ವಾ ಅಮೋಸ್? ನೀನು ಜಿಂಕೆ ಆಗು.”

ಜಿಂಕೆ! ಎರಡು ಕುಲಗಳು ಬಡಿದಾಡಿ ರಾಜಿಯಾಗುವಾಗ ಒಬ್ಬ ಎದುರಿನವರ ಮನೆಗೆ ಹೋಗಿ ಜಿಂಕೆಯ ಹಾಗೆ ಸಾಧುವಾಗಿ ಕೂರುತ್ತಿದ್ದದ್ದು ನಮ್ಮಜ್ಜನ ಕಾಲದ ಮಾತು. ಚಾಕು ಮುಟ್ಟುವಂತಿಲ್ಲ, ದನಿ ಎತ್ತುವಂತಿಲ್ಲ, ತನ್ನ ಕೈಯಿಂದ ತಾನು ಉಣ್ಣುವಂತಿಲ್ಲ. ಎದುರಿನ ಕುಲದವರೇ ಅವನಿಗೆ ತುತ್ತಿಡಬೇಕು. ಈಗ ಯಾರು ಮಾಡುತ್ತಾರೆ? “ನಾನು ಮಾಡಿಸ್ತೀನಿ” ಎಂದಳು ಬರ್ತಾ. ನಾನು ಒಪ್ಪಿದ್ದೇನೆ. ಆಗಸ್ಟ್ ಆರರಿಂದ.

ನನಗೆ ಭಯವಾಗಿದೆ ವರ್ನಾ. ಕರಡಿಯದ್ದಲ್ಲ.

ಅಮೋಸ್

*

ಸಿಯಾಟಲ್
ಜುಲೈ 30, 1974

ಅಮೋಸ್ ಅವರಿಗೆ,

ಪತ್ರವನ್ನು ಮೂರು ಸಲ ಓದಿದೆ. ಯಾರಿಗೂ ಓದಿ ಹೇಳಲಿಲ್ಲ.

ಅಂಗಿಯಿಂದ ಕಟ್ಟಿದ್ದು ಸರಿಯಾಗಿಯೇ ಇದೆ. ಹಾಗೆ ಕಟ್ಟದಿದ್ದರೆ ಸಿಟ್ಕಾ ಮುಟ್ಟುವ ಮೊದಲೇ ರಕ್ತ ಹೋಗಿ ಸಾಯುತ್ತಿದ್ದ. ಇದನ್ನು ದಾದಿಯಾಗಿ ಹೇಳುತ್ತಿದ್ದೇನೆ, ಮಗಳಾಗಿ ಅಲ್ಲ. ಮಗಳಾಗಿ ನನಗೆ ಇನ್ನೂ ಏನೂ ಹೇಳಲು ಆಗುತ್ತಿಲ್ಲ.

ಅಮ್ಮ ತನ್ನ ಕೈಯಾರೆ ಚಿಪ್ಪಿನ ಗುಂಡಿಗಳನ್ನು ಹೊಲಿದಿದ್ದ ಕಂಬಳಿಯನ್ನು ಟಪಾಲಿನಲ್ಲಿ ಕಳಿಸಿದ್ದೇನೆ. ನಮ್ಮ ಕಡೆಯಿಂದ ಇಡುವ ಪರಿಹಾರದ ರಾಶಿಯಲ್ಲಿ ಇಡಿ. ಅತ್ತೆಗೆ ಹೇಳಿ, ವರ್ನಾ ತನ್ನ ಸಾಲಿನಲ್ಲಿ ಕೂತಿದ್ದಾಳೆ ಎಂದು. ನಮ್ಮ ಕುಲದಿಂದ ನೀವೊಬ್ಬರೇ ಹೋಗುತ್ತಿಲ್ಲ.

ಅಪ್ಪ ಟೋಪಿಯ ದಿನಕ್ಕೆ ಬರುವುದು ಬೇಡ ಎಂದು ಅತ್ತೆಯ ಹತ್ತಿರ ಹೇಳಿದನಂತೆ. ‘ಈ ಮುಖ ಇಟ್ಕೊಂಡು ಆ ಹುಡುಗೀರ ಮಧ್ಯೆ ಹೇಗ್ ಕೂರ್ಲಿ’ ಎಂದನಂತೆ. ಕೋಟನ್ನು ಪೆಟ್ಟಿಗೆಗೆ ಹಾಕಿಸಿದ್ದಾನೆ. ನನಗೆ ಕರಡಿಗಿಂತ ಇದು ಹೆಚ್ಚು ಕಚ್ಚುತ್ತಿದೆ. ಅವನು ಇನ್ನೊಬ್ಬರ ಮಾತು ಕೇಳುವವನಲ್ಲ. ನಿಮ್ಮ ಮಾತು ಒಂದನ್ನು ಕೇಳುತ್ತಿದ್ದ. ಅದೂ ಈಗ ಇಲ್ಲ.

ಅಲ್ಲಿಗೆ ಹೋದಮೇಲೆ ಜಂಬ ಕೊಚ್ಚಬೇಡಿ. ಬೇಗ ಮುಗಿಸಲು ನಾಟಕ ಮಾಡಬೇಡಿ. ಬಾಯಿ ಮುಚ್ಚಿಕೊಂಡು ಕೂತಿರು ಮಾವ.

ವರ್ನಾ

*

ಬರ್ತಾಳ ಮನೆ
ಆಗಸ್ಟ್ 15, 1974

ಮಗಾ ವರ್ನಾ,

ಕೊನೆಯ ಸಾಲಿನಲ್ಲಿ ‘ಕೂತಿರು ಮಾವ’ ಎಂದು ಬರೆದಿದ್ದೀಯ. ಕೈ ತಪ್ಪಿ ಬರೆದಿದ್ದರೂ ನಾನು ವಾಪಸು ಕೊಡುವುದಿಲ್ಲ.

ಜಿಂಕೆಯ ದಿನಗಳು ನಿನ್ನೆ ಮುಗಿದವು. ದನಿ ಇನ್ನೂ ಸಣ್ಣದಾಗಿಯೇ ಇದೆ. ಗುನ್ನಾರ್ ನೋಡಿ, “ಎಂಜಿನ್ ನಿಂತ್ಹೋಯ್ತಾ?” ಎಂದ.

ಮೊದಲ ದಿನ ಬರ್ತಾ ಎಲ್ಲರ ಮುಂದೆ ನನ್ನನ್ನು ಮೆತ್ತನೆಯ ಕಂಬಳಿಯ ಮೇಲೆ ಕೂರಿಸಿದಳು. ನಿನ್ನಮ್ಮನ ಕಂಬಳಿಯನ್ನು ರಾಶಿಯ ಮೇಲೆ ಇಟ್ಟೆ. ಬರ್ತಾ ಅದರ ಗುಂಡಿಗಳನ್ನು ಸವರಿ, “ಕೋರಾ ಹೊಲಿಗೆ” ಎಂದಳು. ಮುಖ ಆ ಕಡೆ ತಿರುಗಿಸಿಕೊಂಡಳು. ಆಮೇಲೆ ಒಣ ಸಾಲ್ಮನ್ನನ್ನು ಸೀಲಿನ ಎಣ್ಣೆಯಲ್ಲಿ ಅದ್ದಿ ಬಾಯಿಗೆ ಇಟ್ಟಳು. ಆ ಹೆಂಗಸಿನ ಕೈ ನನ್ನ ಗಂಟಲು ಹಿಡಿಯಲು ಹುಟ್ಟಿದ ಕೈ. ತುತ್ತು ಇಡುತ್ತಿತ್ತು. ನಾನು ನುಂಗಲಾರದೆ ಕೂತಿದ್ದೆ. “ನುಂಗು” ಎಂದಳು. “ಜಿಂಕೆ ಅಳಲ್ಲ.”

ಆಸ್ಪತ್ರೆಯಿಂದ ಬಿಟ್ಟ ಮೇಲೆ ಇಲ್ಲಿಗೇ ಬಂದಿದ್ದ ನಿನ್ನಪ್ಪ ಪಕ್ಕದ ಕೋಣೆಯಲ್ಲೇ ಇದ್ದ. ಕೆಮ್ಮು ಕೇಳುತ್ತಿತ್ತು. ಬರಲಿಲ್ಲ. ಬರ್ತಾಳ ತಂಗಿಯ ಮಗನೊಬ್ಬ ಕುಡಿದು ಬಂದು, ಬಾಗಿಲಲ್ಲಿ ನಿಂತು, “ಕಪ್ಪೆ ಮುದುಕ, ಎದ್ದು ಬಾರೋ ಹೊರಗೆ!” ಎಂದು ನನ್ನ ಮುಖಕ್ಕೆ ಬೂಟು ಎಸೆದ. ತುಟಿ ಒಡೆಯಿತು. ಬೇರೆ ಕಾಲದಲ್ಲಾದರೆ ಅದೇ ಬೂಟನ್ನು ಅವನ ಹಲ್ಲಿನೊಳಗೆ ತೊಡಿಸುತ್ತಿದ್ದೆ. ನನ್ನ ಮುಷ್ಟಿ ತಾನೇ ಬಿಗಿಯಿತು; ಬಿಚ್ಚಿದೆ. ರಕ್ತ ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ. ಬರ್ತಾ ಅವನ ಕಿವಿ ಹಿಡಿದು ಹೊರಗೆ ಹಾಕಿ, ಬಂದು ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿನಿಂದ ನನ್ನ ತುಟಿ ಒರೆಸಿದಳು. 

ಮರುದಿನ ಅವರು ಮರದಲ್ಲಿ ಕೆತ್ತಿದ ಕುಲದ ಕರಡಿ ಟೋಪಿಯನ್ನು ಪೆಟ್ಟಿಗೆಯಿಂದ ತೆಗೆದು ಕಿಟಕಿಯ ಬಳಿ ಇಟ್ಟರು. ಮಧ್ಯಾಹ್ನ ಎಲ್ಲರೂ ಮೀನು ಒಣಗಿಸುವ ಗುಡಿಸಲಿಗೆ ಹೋಗಿದ್ದರು. ನಾನು, ಮರದ ಕರಡಿ. ಚಿಪ್ಪಿನ ಕಣ್ಣು. ಆವತ್ತು ದಡದಲ್ಲಿ ಬಾರದ ಮಾತು ಈಗ ಬಂತು. ಮೊದಲು ಸ್ವಲ್ಪ ಅಲಂಕಾರವಾಗಿ ಶುರು ಮಾಡಿದೆ, ಸುಳ್ಳೇಕೆ, ಅಭ್ಯಾಸ. ಅದನ್ನು ಬಿಟ್ಟೆ. “ಅಣ್ಣಾ, ತಪ್ಪಾಯ್ತು. ನಿನ್ನ ಊಟಕ್ಕೆ ಕೈ ಹಾಕಿದೆ. ನಿನ್ನನ್ನ ಆಡ್ಕೊಂಡೆ. ನಿನ್ನನ್ನ ಕೊಂದೆ. ನನ್ನ ಭಾವನ ಮುಖ ತೆಗೆಸಿದೆ. ತಪ್ಪಾಯ್ತು” ಎಂದೆ. ಇಷ್ಟು ಚಿಕ್ಕ ಮಾತು, ವರ್ನಾ. ಬಾಯಲ್ಲಿ ಜಾಗವೇ ಹಿಡಿಯುವುದಿಲ್ಲ.

ತಿರುಗಿ ನೋಡಿದರೆ ಬಾಗಿಲಲ್ಲಿ ನಿನ್ನಪ್ಪ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಹಣೆಯಿಂದ ಗದ್ದದವರೆಗೆ ಹೊಲಿಗೆಯ ಕಲೆ, ಎಡಗಣ್ಣಿನ ಜಾಗದಲ್ಲಿ ಮುಚ್ಚಿದ ಚರ್ಮ. ಬಾಯಿ ಓರೆಯಾಗಿದೆ. ನಿನಗೆ ಮೊದಲೇ ಬರೆಯುತ್ತಿದ್ದೇನೆ, ನೋಡಿದಾಗ ಬೆಚ್ಚಬಾರದು. ಅವನು ಬಂದು ನನ್ನೆದುರು ಕೂತ. ಜೇಬಿನಿಂದ ಇಸ್ಪೀಟು ತೆಗೆದು ನೆಲದ ಮೇಲೆ ಇಟ್ಟ.

“ಹಾಕು” ಎಂದ. ಮುರಿದ ದವಡೆಯಿಂದ ಗಾಳಿಯ ಹಾಗೆ ಬಂತು ಮಾತು.

“ಜಿಂಕೆ ಆಡ್ಬಹುದಾ ಭಾವ?” ಎಂದು ಪಿಸುಗುಟ್ಟಿದೆ.

“ಆಡ್ಬಹುದು. ಜಗಳ ಆಡ್ಬಾರ್ದು.”

ಆಮೇಲೆ ಶುರುವಾಯಿತು ನೋಡು ಮೋಸ! ಒಂದೇ ಕಣ್ಣಿನ ಮನುಷ್ಯ, ಒಂದು ಕೈ ಕುತ್ತಿಗೆಗೆ ಕಟ್ಟಿದ ಜೋಲಿಯಲ್ಲಿ, ಆ ಜೋಲಿಯೊಳಗೆ ಅರ್ಧ ಕಟ್ಟು ಎಲೆ! ಒಂದೇ ಆಟದಲ್ಲಿ ಐದನೆಯ ರಾಜ ಬಂದ. ನಾನು ರಾಜನನ್ನು ನೋಡಿದೆ, ಅವನನ್ನು ನೋಡಿದೆ. “ಏನಾದ್ರೂ ಹೇಳೋದಿದ್ಯಾ ಅಮೋಸ್?” ಎಂದ. ಜಿಂಕೆ ಏನು ಹೇಳುತ್ತದೆ? “ಇಲ್ಲ ಭಾವ. ಚೆನ್ನಾಗಿ ಬಂತು ಎಲೆ” ಎಂದೆ. ಹೊಲಿಗೆಯ ಕಲೆಗಳು ಎಳೆಯುವ ಹಾಗೆ ನಕ್ಕ. ನೋವಾಗಿ ಗದ್ದ ಹಿಡಿದುಕೊಂಡು ಮತ್ತೆ ನಕ್ಕ. ಬರ್ತಾ ಗುಡಿಸಲಿನಿಂದ ಬಂದು ಬಾಗಿಲಲ್ಲಿ ನಿಂತು ನೋಡಿದಳು. ಮೀನಿನ ಬುಟ್ಟಿ ಇಳಿಸುವುದನ್ನೂ ಮರೆತಿದ್ದಳು.

ಉಳಿದ ದಿನವೆಲ್ಲ ಹೀಗೆಯೇ. ಬೆಳಗ್ಗೆ ತುತ್ತು, ಮಧ್ಯಾಹ್ನ ದರೋಡೆ.

ನಿನ್ನೆ ಕೊನೆಯ ಆಟ ಮುಗಿದಾಗ ಕೇಳಿದೆ, “ಸಿಯಾಟಲಿಗೆ ಹೋಗಲ್ವಂತೆ?” ಅವನು ಎಲೆ ಕಲಸತೊಡಗಿದ. ನಾನು ಇನ್ನೂ ಜಿಂಕೆಯ ದನಿಯಲ್ಲೇ ಹೇಳಿದೆ: “ಆ ಹುಡುಗಿ ಕಪ್ಪೆ ಸಾಲಲ್ಲಿ ಒಬ್ಳೇ ಕೂತಿದಾಳೆ ಭಾವ, ನಿನ್ ಮುಖಕ್ಕೋಸ್ಕರ ಅವಳ ಅಮ್ಮನ ಕಂಬಳಿ ಕೊಟ್ಟಿದಾಳೆ. ಅವಳಿಗೆ ಆ ಮುಖ ನೋಡೋ ಹಕ್ಕಿಲ್ವಾ?” ಅವನು ಎಲೆಗಳನ್ನು ಕೆಳಗಿಟ್ಟ. ಆಮೇಲೆ ಬರ್ತಾಳನ್ನು ಕರೆದು, “ಆ ಕೋಟು ಸುಕ್ಕಾಗಿರುತ್ತೆ, ತೆಗ್ದು ನೇತಾಕು” ಎಂದ.

ಇಪ್ಪತ್ತೆಂಟಕ್ಕೆ ಬರುತ್ತೇವೆ. ಇಬ್ಬರೂ. ‘ಊಟ ಮಾಡಿದ್ಯಾ’ ಎಂದು ನಿನ್ನನ್ನು ಕೇಳಲು ಹೇಳಿದ್ದಾನೆ. ಈ ಸಲ ನಿಜವಾಗಿಯೂ ಹೇಳಿದ್ದಾನೆ.

ಇನ್ನೊಂದು ವಿಷಯ. ಜೂನಿನಲ್ಲಿ ಅವನ ಕಿಸೆ ಖಾಲಿ ಮಾಡಿದೆ ಎಂದು ಬರೆದಿದ್ದೆ. ಒಂದು ಸಲವೂ ಗೆದ್ದಿರಲಿಲ್ಲ. ಈಗ ಜಿಂಕೆಯಾಗಿದ್ದಾಗ ಸೋತದ್ದು ಊರಿನವರಿಗೆ ಐದಾರು ಡಾಲರ್ ಎಂದು ಹೇಳಿದ್ದೇನೆ. ನನ್ನ ಬಳಿ ದೋಣಿ ಇಲ್ಲ, ಕಾಸಿಲ್ಲ. ತೀರಿಸುವುದು ಹೇಗೆ ಎಂದು ನಿನ್ನಪ್ಪನನ್ನು ಕೇಳಿದೆ. “ವಾರಕ್ಕೆ ಒಂದು ಡಾಲರ್. ಟಪಾಲಲ್ಲಿ ಬೇಡ. ನೀನೇ ತಂದ್ಕೊಡು. ಪೂರ್ತಿ ತೀರೋವರ್ಗೂ ಪ್ರತಿ ವಾರ ನಮ್ಮನೇಗೆ ಬರ್ಬೇಕು” ಎಂದ.

ನಿನಗೆ ಮಾತ್ರ ನಿಜ ಬರೆಯುತ್ತೇನೆ. ಸೋತದ್ದು ಆರುನೂರ ಹದಿನೇಳು ಡಾಲರ್.

ನಿನ್ನ ಮಾವ,
ಅಮೋಸ್